ಬಿಟ್ಟವರು, ಬಿಡಿಸಿದವರು: ಹಾಜರಿ ಪುಸ್ತಕದ ಒಂದು ಓದು

೧

ದಲಿತ ವಿಮರ್ಶೆ ಯಾವ ಪಠ್ಯವನ್ನು ಓದಬೇಕು ಎಂದು ಕೇಳಿದರೆ ಕತೆ, ಕವಿತೆ, ಕಾದಂಬರಿ, ಆತ್ಮಕಥನ ಎಂದೇ ನಾವು ಈವರೆಗೆ ಹೇಳಿಕೊಂಡು ಬಂದಿದ್ದೇವೆ. ಈ ಲೇಖನದಲ್ಲಿ ನಾನು ಓದಲು ಹೊರಟಿರುವುದು ಸರಕಾರಿ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕವನ್ನು. ಅದಕ್ಕೂ ಒಂದು ಭಾಷೆಯಿದೆ, ಒಂದು ನಿರೂಪಣೆಯಿದೆ, ಕಣ್ಣಿಗೆ ಕಾಣದ ಒಬ್ಬ ನಿರೂಪಕನಿದ್ದಾನೆ. ಆ ಭಾಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ ಕ್ರಿಯಾಪದ ‘ಬಿಡು’. ‘ಶಾಲೆ ಬಿಟ್ಟ ಮಗು’ ಎಂಬ ಮಾತು ಇಲಾಖೆಯ ವರದಿಯಿಂದ ಹಿಡಿದು ನಮ್ಮ ಸಂಘಟನೆಗಳ ಕರಪತ್ರದವರೆಗೆ ಎಲ್ಲ ಕಡೆ ಒಂದೇ ತೆರನಾಗಿ ಓಡಾಡುತ್ತದೆ. ಅದನ್ನು ಬಳಸುವಾಗ ಯಾರಿಗೂ ನಾಲಿಗೆ ತಡವರಿಸುವುದಿಲ್ಲ. ವ್ಯಾಕರಣದ ಪ್ರಕಾರ ಈ ವಾಕ್ಯದಲ್ಲಿ ಕರ್ತೃ ಮಗು. ಶಾಲೆ ತನ್ನ ಪಾಡಿಗೆ ತಾನಿತ್ತು, ಮಗುವೇ ಎದ್ದು ಹೋಯಿತು.

ಇದು ನನಗೆ ಹೊಳೆದದ್ದು ಪಾಠ ಹೇಳುವಾಗ. ನಮ್ಮ ಕಾಲೇಜಿಗೆ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಜೋತುಬಿದ್ದು ಬರುವ ಹುಡುಗ ಹುಡುಗಿಯರೇ ಹೆಚ್ಚು. ಬಿ.ಎ. ತರಗತಿಯಲ್ಲಿ ಪ್ರೇರಣಾರ್ಥಕ ಕ್ರಿಯಾಪದ ಹೇಳುತ್ತಿದ್ದೆ. ಮಾಡು–ಮಾಡಿಸು, ಓದು–ಓದಿಸು, ಬಿಡು–ಬಿಡಿಸು. ಹಾನಗಲ್ಲ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು.

“ಸರ, ಪುಸ್ತಕದಾಗ ನಮ್ಮ ತಮ್ಮ ಸಾಲಿ ಬಿಟ್ಟಾನಂತ ಬರದಾರ್ರಿ. ಅಂವಾ ಬಿಟ್ಟಿಲ್ರಿ, ಬಿಡಿಸ್ಯಾರ.”

“ಯಾರು ಬಿಡಿಸ್ಯಾರ?” ಅಂದೆ.

“ಅದನ್ನ ಅವರು ಬರಿಯಂಗಿಲ್ರಿ.”

ಆಕೆ ಕೇಶಿರಾಜನ ಸೂತ್ರ ಕೇಳಿ ಬಂದವಳಲ್ಲ. ಆದರೆ ಆ ಒಂದು ‘ಇಸು’ ಪ್ರತ್ಯಯ ಎಲ್ಲಿ ಕಾಣೆಯಾಗಿದೆ ಎಂಬುದು ಆಕೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪ್ರೇರಣೆ ಕೊಟ್ಟವನ ಹೆಸರನ್ನು ಅಳಿಸಿಹಾಕಿ, ಕ್ರಿಯೆಯನ್ನು ಮಗುವಿನ ಹೆಗಲಿಗೆ ಕಟ್ಟುವ ವ್ಯಾಕರಣ ಇದು. ಇದನ್ನು ಓದುವುದೂ ದಲಿತ ವಿಮರ್ಶೆಯ ಕೆಲಸವೆ, ಮತ್ತು ಈ ಓದಿನಲ್ಲಿ ಹೊರಹಾಕಲ್ಪಟ್ಟ ಮಕ್ಕಳೇ ಮೊದಲ ಓದುಗರಾಗಬೇಕು ಎಂಬುದು ನನ್ನ ವಾದ. ಅವರನ್ನು ಸಾಕ್ಷಿಗಳನ್ನಾಗಿ ಕರೆದು ತಂದರೆ ಸಾಲದು.

೨

ಈ ‘ಬಿಡು’ವಿಗೆ ನಮ್ಮ ಸೀಮೆಯಲ್ಲಿ ಹಳೆಯ ಚರಿತ್ರೆಯಿದೆ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಅದಕ್ಕೆ ಮುಂಚೆ ಈ ನಾಲ್ಕೂ ತಾಲೂಕುಗಳು ಧಾರವಾಡ ಜಿಲ್ಲೆಯವು. ಇನ್ನೂ ಹಿಂದಕ್ಕೆ ಹೋದರೆ ಸವಣೂರು ನವಾಬರ ಸಂಸ್ಥಾನ, ಉಳಿದದ್ದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಆ ಧಾರವಾಡದಲ್ಲಿ ೧೮೫೬ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗನ ಪರವಾಗಿ ಸರಕಾರಕ್ಕೆ ಅರ್ಜಿ ಹೋಯಿತು. ಎಲ್ಲರಂತೆ ಫೀ ಕೊಡಲು ತಾನು ಸಿದ್ಧನಿದ್ದರೂ ಸರಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಎಂಬುದು ಅದರ ತಕರಾರು. ಮುಂಬಯಿ ಸರಕಾರ ಜುಲೈ ೨೧ರಂದು ಠರಾವು ಮಾಡಿತು. ನ್ಯಾಯ ಹುಡುಗನ ಕಡೆಗಿದೆ ಎಂದು ಅದು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ, ಒಬ್ಬ ಹುಡುಗನಿಗಾಗಿ ಬಲವಂತ ಮಾಡಿದರೆ ಜಾತಿಸ್ಥ ಮಕ್ಕಳು ಶಾಲೆಯಿಂದ ದೂರವಾಗುತ್ತಾರೆ, ಶಾಲೆಯೇ ನಿರುಪಯೋಗಿಯಾಗುತ್ತದೆ ಎಂದು ಹೇಳಿ ಅರ್ಜಿಯನ್ನು ಬದಿಗಿಟ್ಟಿತು. ೧೮೫೭ರ ಜನವರಿಯಲ್ಲಿ ಭಾರತ ಸರಕಾರ, ಬಂಗಾಳದ ಸರಕಾರಿ ಶಾಲೆಗಳಲ್ಲಾಗಿದ್ದರೆ ಹೀಗೆ ನಿರಾಕರಿಸುತ್ತಿರಲಿಲ್ಲ ಎಂದು ಬರೆಯಿತು. ೧೮೫೮ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ, ಸರಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕು ಎಂದಿತು. ೧೮೮೨ರ ಹಂಟರ್ ಆಯೋಗ ಆ ತತ್ವವನ್ನು ಮತ್ತೆ ಎತ್ತಿಹಿಡಿಯಿತು, ಜೊತೆಗೆ ಪ್ರತ್ಯೇಕ ಶಾಲೆಗಳ ದಾರಿಯನ್ನೂ ತೋರಿಸಿತು. ಕಾಗದದ ಮೇಲೆ ಬಾಗಿಲು ತೆರೆದುಕೊಂಡಿತು.

ಈ ಪ್ರಕರಣವನ್ನು ನಮಗಾಗಿ ಕಡತದಿಂದ ಎತ್ತಿ ತಂದವರು ಬಾಬಾಸಾಹೇಬರು. ೧೯೨೮ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಶಿಕ್ಷಣ ಕುರಿತ ಹೇಳಿಕೆಯಲ್ಲಿ ಅವರು ಇದನ್ನು ವಿವರವಾಗಿ ಇಟ್ಟಿದ್ದಾರೆ. ಬಾಬಾಸಾಹೇಬರು ಇಲ್ಲಿ ಮಾಡಿರುವುದು ವಿಮರ್ಶಕನ ಕೆಲಸ ಎಂಬುದನ್ನು ಗಮನಿಸಬೇಕು. ಸರಕಾರದ ಠರಾವನ್ನು ಅವರು ಒಂದು ಪಠ್ಯವಾಗಿ ಓದುತ್ತಾರೆ. ಅದು ಎಲ್ಲಿ ನ್ಯಾಯ ಒಪ್ಪುತ್ತದೆ, ಎಲ್ಲಿ ಹಿಂದೆ ಸರಿಯುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾರೆ.

ಅದೇ ಓದನ್ನು ಮುಂದುವರಿಸಿದರೆ ನಮ್ಮ ಕ್ರಿಯಾಪದ ಸಿಗುತ್ತದೆ. ಆ ಠರಾವಿನ ಭಯ ಏನು? ಉಳಿದವರು ಶಾಲೆ ಬಿಡುತ್ತಾರೆ ಎಂಬುದು. ಜಾತಿಸ್ಥರು ‘ಬಿಟ್ಟರೆ’ ಸರಕಾರ ನಡುಗುತ್ತದೆ, ನೀತಿ ಬದಲಾಗುತ್ತದೆ, ಠರಾವು ಹೊರಡುತ್ತದೆ. ನಮ್ಮವರು ‘ಬಿಟ್ಟರೆ’ ಒಂದು ಅಂಕಿ ಕಡಿಮೆಯಾಗುತ್ತದೆ. ಒಂದೇ ಕ್ರಿಯಾಪದ ಒಬ್ಬರ ಕೈಯಲ್ಲಿ ಆಯುಧ, ಇನ್ನೊಬ್ಬರ ಹಣೆಯ ಮೇಲೆ ಷರಾ. ಇದು ಹಳೇ ಕತೆ ಅನ್ನುವವರು ೨೦೧೫ರಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಕಗ್ಗನಹಳ್ಳಿಯಿಂದ ಬಂದ ಸುದ್ದಿಯನ್ನು ನೆನೆಯಬಹುದು. ಬಿಸಿಯೂಟ ಮಾಡುವಾಕೆ ದಲಿತ ಹೆಂಗಸು ಎಂಬ ಕಾರಣಕ್ಕೆ ಬಹುಪಾಲು ಮಕ್ಕಳನ್ನು ಆ ಶಾಲೆಯಿಂದ ಬಿಡಿಸಿದರು. ೧೮೫೬ರ ಠರಾವು ಯಾವುದನ್ನು ಊಹಿಸಿ ಹೆದರಿತ್ತೋ ಅದು ನೂರೈವತ್ತೊಂಬತ್ತು ವರ್ಷಗಳ ಮೇಲೆ ನಡೆಯಿತು. ಹಾಗೆ ಹೋದ ಮಕ್ಕಳನ್ನು ಯಾರೂ ‘ಶಾಲೆ ಬಿಟ್ಟ ಮಕ್ಕಳು’ ಎಂದು ಕರೆಯಲಿಲ್ಲ. ಅವರು ಬೇರೆ ಶಾಲೆಗೆ ಹೋದವರು.

ಇನ್ನೊಂದು ಸಂಗತಿ. ಬಾಬಾಸಾಹೇಬರು ಉಲ್ಲೇಖಿಸುವ ಆ ಪತ್ರವ್ಯವಹಾರದಲ್ಲಿ ಹುಡುಗನಿಗೆ ಹೆಸರಿಲ್ಲ. ಅರ್ಜಿಯಿದೆ, ಠರಾವಿದೆ, ಗವರ್ನರ್ ಜನರಲ್ಲನ ಅಭಿಪ್ರಾಯವಿದೆ, ಇಂಗ್ಲೆಂಡಿನ ನಿರ್ದೇಶಕರ ಮಾತಿದೆ. ಆ ಶಾಲೆಯ ಬಾಗಿಲಲ್ಲಿ ನಿಂತು ಆತ ಏನು ಕಂಡ, ಯಾರು ಏನೆಂದರು, ಒಳಗಿದ್ದ ಮಕ್ಕಳಲ್ಲಿ ಯಾರು ಆತನ ಕಡೆ ನೋಡಿದರು ಎಂಬುದು ಇಲ್ಲ. ಆತನ ಬಗ್ಗೆ ಎಲ್ಲರೂ ಮಾತಾಡಿದರು, ಆತನೊಡನೆ ಯಾರೂ ಮಾತಾಡಲಿಲ್ಲ.

ಈ ಅರ್ಜಿಗೆ ಒಂದು ವರ್ಷ ಮುಂಚೆ, ೧೮೫೫ರಲ್ಲಿ, ಪುಣೆಯಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾ ಸಾಳ್ವೆ ಎಂಬ ಮಾಂಗ ಸಮುದಾಯದ ಹುಡುಗಿ ಮಾಂಗ–ಮಹಾರರ ದುಃಖವನ್ನು ಕುರಿತು ಒಂದು ಪ್ರಬಂಧ ಬರೆದಳು. ಅದು ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ನಮ್ಮದಲ್ಲ ಎಂದಮೇಲೆ ನಮ್ಮ ಧರ್ಮ ಯಾವುದು ಎಂದು ಆಕೆ ಕೇಳುತ್ತಾಳೆ. ಹದಿಹರೆಯದ ಆ ಹುಡುಗಿ ಗೋಳು ತೋಡಿಕೊಂಡಳು ಎಂದು ಅದನ್ನು ಓದಿದರೆ ತಪ್ಪಾಗುತ್ತದೆ. ಆಕೆ ಕಾರಣ ಹುಡುಕುತ್ತಿದ್ದಾಳೆ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಸಂಶೋಧನೆ ಮಾಡುತ್ತಿದ್ದಾಳೆ. ಒಳಗೆ ಬಂದ ಪುಣೆಯ ಹುಡುಗಿಗೆ ಹೆಸರೂ ಉಳಿಯಿತು, ಪ್ರಶ್ನೆಯೂ ಉಳಿಯಿತು. ಹೊರಗೆ ನಿಂತ ಧಾರವಾಡದ ಹುಡುಗನದು ಪ್ರಕರಣ ಮಾತ್ರ ಉಳಿಯಿತು.

೩

ಈಗ ನಮ್ಮ ಕಡೆಗೇ ತಿರುಗಿ ನೋಡಿಕೊಳ್ಳೋಣ. ಕನ್ನಡ ದಲಿತ ವಿಮರ್ಶೆ ಶಾಲೆಯ ಅನುಭವವನ್ನು ಓದಿಲ್ಲವೆ ಎಂದರೆ, ಓದಿದೆ. ೧೯೯೪ರಲ್ಲಿ ಬಂದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ ಶಾಲೆಯನ್ನು, ಸಿದ್ಧಲಿಂಗಯ್ಯನವರ ‘ಊರು ಕೇರಿ’ಯ ಹಾಸ್ಟೆಲ್ಲನ್ನು, ಹಿಂದಿಯಿಂದ ಬಂದ ಓಂಪ್ರಕಾಶ ವಾಲ್ಮೀಕಿಯವರ ‘ಜೂಠನ್’ನಲ್ಲಿ ಹೆಡ್‌ಮಾಸ್ತರು ಹುಡುಗನ ಕೈಗೆ ಪೊರಕೆ ಕೊಡುವುದನ್ನು ನಾವು ಮತ್ತೆ ಮತ್ತೆ ಚರ್ಚಿಸಿದ್ದೇವೆ. ಇವೆಲ್ಲ ದೊಡ್ಡ ಕೃತಿಗಳೇ. ಆದರೆ ಇವನ್ನು ಬರೆದವರೆಲ್ಲ ಶಾಲೆಯನ್ನು ದಾಟಿ ಬಂದವರು. ಅವಮಾನ ನುಂಗಿಕೊಂಡು ಒಳಗೆ ಉಳಿದವರು, ಅಕ್ಷರ ಗೆದ್ದವರು. ಅವರ ಪಕ್ಕದಲ್ಲಿ ಕೂತು, ನಾಲ್ಕನೇತ್ತೆಯಲ್ಲೋ ಏಳನೇತ್ತೆಯಲ್ಲೋ ಹೊರಬಿದ್ದವರು ಆತ್ಮಕಥೆ ಬರೆಯಲಿಲ್ಲ. ಹಾಗಾಗಿ ದಲಿತ ಶಾಲಾ ಅನುಭವ ಎಂದು ನಾವು ಯಾವುದನ್ನು ಕರೆಯುತ್ತಿದ್ದೇವೋ ಅದು ಪಾಸಾದವರ ಅನುಭವ. ನಪಾಸು ಮಾಡಲ್ಪಟ್ಟವರು ನಮ್ಮ ವಿಮರ್ಶೆಯ ಹಾಜರಿ ಪುಸ್ತಕದಲ್ಲೂ ಗೈರು.

ಈ ಮಾತು ನನಗೂ ಅನ್ವಯಿಸುತ್ತದೆ. ನಾನೂ ಕೇರಿಯಿಂದ ಬಂದು, ಹಾಸ್ಟೆಲ್ಲಿನ ಅನ್ನ ಉಂಡು, ಎಂ.ಎ. ಮುಗಿಸಿ ಪಾಠ ಹೇಳಲು ನಿಂತವನು. ನನ್ನ ಓರಗೆಯ ಗೆಳೆಯನೊಬ್ಬ ಐದನೇತ್ತೆಯಲ್ಲಿ ಹೊರಬಿದ್ದ. ಇಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕೂತವರು. ಆತ ಯಾಕೆ ಹೋದ ಎಂದು ನಾನು ಈವರೆಗೆ ಆತನನ್ನು ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ.

೨೦೦೨ರಲ್ಲಿ ಗೋಪಾಲ ಗುರು ಭಾರತದ ಸಮಾಜವಿಜ್ಞಾನಗಳ ಬಗ್ಗೆ ಒಂದು ಕಟುವಾದ ಪ್ರಶ್ನೆ ಎತ್ತಿದರು. ಸಿದ್ಧಾಂತ ಕಟ್ಟುವವರು ಮೇಲೆ, ಮಾಹಿತಿ ಹೊರುವವರು ಕೆಳಗೆ ಎಂಬ ವರ್ಣವ್ಯವಸ್ಥೆ ವಿದ್ವತ್ತಿನ ಒಳಗೂ ಇದೆ ಎಂಬುದು ಅವರ ವಾದದ ತಿರುಳು. ಕನ್ನಡದವರಿಗೆ ಇದು ತಿಳಿಯದ್ದೇನಲ್ಲ. ನಮ್ಮ ಜಾನಪದ ಅಧ್ಯಯನದಲ್ಲಿ ‘ವಕ್ತೃ’ ಎಂಬ ಒಂದು ಪದವಿದೆ. ಹಾಡುವಾಕೆ ವಕ್ತೃ, ಬರೆದುಕೊಳ್ಳುವವನು ಸಂಪಾದಕ. ಕೇರಿಯ ಮುದುಕಿಯ ನೂರಾರು ಹಾಡು ಪುಸ್ತಕವಾದಾಗ ಆಕೆಯ ಹೆಸರು ಅನುಬಂಧದಲ್ಲಿ ಬರುತ್ತದೆ, ಬಂದರೆ. ಶಿಗ್ಗಾಂವಿ ತಾಲೂಕನ್ನೇ ನೋಡಿ. ಕನಕದಾಸರ ಬಾಡವೂ ಅಲ್ಲಿದೆ, ಶರೀಫರ ಶಿಶುವಿನಹಾಳವೂ ಅಲ್ಲಿದೆ, ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ. ಜಾತಿಯ ಗೋಡೆ ಪ್ರಶ್ನಿಸಿದವರ ನೆಲವೆಂದು ಭಾಷಣ ಕೇಳುತ್ತಲೇ ನಮ್ಮ ಹುಡುಗರು ಬೆಳೆಯುತ್ತಾರೆ. ಅದೇ ನೆಲದ ಒಂದು ಮಗು ಶಾಲೆಯ ಒಳಗಿನ ಗೋಡೆಯ ಬಗ್ಗೆ ಮಾತಾಡಿದರೆ ನಾವು ಅದನ್ನು ವಿಚಾರವೆಂದು ಬರೆದುಕೊಳ್ಳುತ್ತೇವೆಯೋ, ಇನ್ನೊಬ್ಬ ವಕ್ತೃವಿನ ಮಾತೆಂದು ಅನುಬಂಧಕ್ಕೆ ಹಾಕುತ್ತೇವೆಯೋ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

೪

ಒಂದು ದಸರಾ ರಜೆಯಲ್ಲಿ ನನ್ನ ನಾಲ್ಕಾರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿದೆ. ನಿಮ್ಮ ನಿಮ್ಮ ಕೇರಿಯಲ್ಲಿ ಶಾಲೆಯಿಂದ ಹೊರಗಿರುವ ಹುಡುಗ ಹುಡುಗಿಯರನ್ನು ಮಾತಾಡಿಸಿ ಬನ್ನಿ ಅಂದೆ. ಕೇಳಬೇಕಾದ ಪ್ರಶ್ನೆಗಳನ್ನು ನಾನೇ ಬರೆದು ಝೆರಾಕ್ಸ್ ಮಾಡಿಸಿ ಕೊಟ್ಟೆ. ಮೊದಲನೇ ಪ್ರಶ್ನೆ: ‘ನೀನು ಶಾಲೆ ಯಾಕೆ ಬಿಟ್ಟೆ?’

ರಜೆ ಮುಗಿದ ಮೇಲೆ ಬಂದ ಉತ್ತರಗಳು: ಬ್ಯಾಸರಾತು. ತಲಿಗಿ ಹತ್ಲಿಲ್ಲ. ಮನ್ಯಾಗ ತ್ರಾಸ ಇತ್ತು. ಅವ್ವ–ಅಪ್ಪನ್ನ ಕೇಳಿದರೆ, ನಾವ ಬಿಡಿಸಿದ್ವಿರಿ, ಏನ ಮಾಡೂದು. ಇಲಾಖೆಯ ಸಮೀಕ್ಷೆಗಳಲ್ಲಿ ಎಂದಿನಿಂದಲೂ ಬರುವ ಕಾರಣಗಳೇ ಇವು: ನಿರಾಸಕ್ತಿ, ಬಡತನ, ಪೋಷಕರ ಅಜ್ಞಾನ. ಹಿರೇಕೆರೂರ ಕಡೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಕಾಗದವನ್ನು ವಾಪಸು ಮೇಜಿನ ಮೇಲಿಟ್ಟು, “ಸರ, ಪ್ರಶ್ನೇನ ತಪ್ಪೈತ್ರಿ. ಇದನ್ನ ಕೇಳಿದ ಕೂಡ್ಲೆ ಅವು ತಲಿ ತಗ್ಗಿಸ್ತಾವ್ರಿ” ಅಂದಳು. ನಾನು ಸಿಟ್ಟಿಗೆದ್ದೆ ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಆದರೆ ಆಕೆ ಹೇಳಿದ್ದು ಸರಿಯಿತ್ತು. ನನ್ನ ಪ್ರಶ್ನೆಯಲ್ಲೇ ಹಾಜರಿ ಪುಸ್ತಕದ ವ್ಯಾಕರಣ ಕೂತಿತ್ತು. ತಪ್ಪು ನಿನ್ನದು, ಕಾರಣ ಹೇಳು ಅಂದಂತಾಗಿತ್ತು.

ಎರಡನೆಯ ಸಲ ಆಕೆಯೇ ದಾರಿ ಹೇಳಿದಳು. ನಾವು ಕೇಳೂದು ಬ್ಯಾಡ, ಅವರಿಗೇನು ಕೇಳೂದೈತಿ ಅದನ್ನ ಬರಕೊಂಡು ಬರೋಣ. ಆಗ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇನೆ:

“ನನ್ನ ಹೆಸರ ಇನ್ನೂ ಪುಸ್ತಕದಾಗ ಐತೇನು?”

“ಕಸಾ ಹೊಡಿಯೂ ಪಾಳಿ ಹಚ್ಚಾವ್ರು ಯಾರು?”

“ಕ್ರಾಸಿಂಗ್ ಮುಗಿಸಿ ಬಂದವರನ್ನ ಹಿಂದ ಯಾಕ ಕುಂದ್ರಸ್ತಾರ?”

“ಮಾಸ್ತರು ನಮ್ಮ ಓಣಿಗೆ ಬಂದ್ರ ಗಟಾರದ ಆಚೇನ ಯಾಕ ನಿಂದರ್ತಾರ?”

ಒಂದೊಂದೂ ಒಂದು ಸಂಶೋಧನಾ ಪ್ರಶ್ನೆ. ಮೊದಲನೆಯದನ್ನು ಕೇಳಿದವನು ಸವಣೂರ ತಾಲೂಕಿನ ಹುಡುಗ. ವರ್ಷಕ್ಕೂ ಮೇಲಾಯಿತು ಆತ ಶಾಲೆಗೆ ಹೋಗಿಲ್ಲ, ಆದರೂ ಹೆಸರಿದೆಯೆ ಎಂಬುದು ಆತನ ಸಂಶಯ. ಈ ಸಂಶಯ ಎಷ್ಟು ಆಳಕ್ಕೆ ಹೋಗುತ್ತದೆ ನೋಡಿ. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಒಳ್ಳೆಯ ಕಾನೂನೇ. ಆದರೆ ಹೊರಹಾಕುವುದು ಕಾನೂನಿನಲ್ಲಿ ಇಲ್ಲ ಎಂದಾದ ಮೇಲೆ ಹೊರಹಾಕಿದ್ದನ್ನು ಬರೆಯಲು ಪುಸ್ತಕದಲ್ಲಿ ಜಾಗವೂ ಇಲ್ಲ. ಇನ್ನು ಉಳಿಯುವುದು ಎರಡೇ: ಒಂದೋ ‘ಬಿಟ್ಟ’ ಎಂದು ಬರೆಯಬೇಕು, ಇಲ್ಲವೆ ಹೆಸರನ್ನು ಹಾಗೇ ಇಟ್ಟುಕೊಳ್ಳಬೇಕು. ಶಾಲೆಯಲ್ಲಿ ಎಷ್ಟು ಶಿಕ್ಷಕರಿರಬೇಕು ಎಂಬುದು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಮಕ್ಕಳು ಕಡಿಮೆಯಾದರೆ ಶಿಕ್ಷಕ ‘ಹೆಚ್ಚುವರಿ’ಯಾಗಿ ಬೇರೆ ಊರಿಗೆ ಹೋಗಬೇಕು. ಹಾಗಾಗಿ ಮಗು ಹೋದರೂ ಹೆಸರು ಇರುವುದರಲ್ಲಿ ಕೆಲವರಿಗೆ ಅನುಕೂಲವಿದೆ.

‘ಹೊರಗೆ’ ಎಂದರೆ ಯಾರು ಎಂಬುದೂ ನಿಶ್ಚಿತ ಸಂಗತಿಯೇನಲ್ಲ. ೨೦೧೩ರಲ್ಲಿ ಕರ್ನಾಟಕ ಹೈಕೋರ್ಟು ಪತ್ರಿಕಾ ವರದಿಯೊಂದನ್ನು ನೋಡಿ ಶಾಲೆಯಿಂದ ಹೊರಗಿರುವ ಮಕ್ಕಳ ಪ್ರಕರಣವನ್ನು ತಾನೇ ಕೈಗೆತ್ತಿಕೊಂಡಿತು. ಅರವತ್ತು ದಿನ ಬರದಿದ್ದರೆ ಮಾತ್ರ ಹೊರಗಿನವನೆಂದು ಎಣಿಸುತ್ತಿದ್ದದ್ದು ಏಳು ದಿನಕ್ಕೆ ಇಳಿದದ್ದು ಆ ಪ್ರಕರಣದ ಹಿನ್ನೆಲೆಯಲ್ಲಿ. ಐವತ್ತೊಂಬತ್ತು ದಿನ ಹೊರಗಿದ್ದ ಮಗು ಒಂದು ಲೆಕ್ಕದಲ್ಲಿ ಒಳಗೆ, ಇನ್ನೊಂದು ಲೆಕ್ಕದಲ್ಲಿ ಹೊರಗೆ. ಇದನ್ನು ನ್ಯಾಯಾಲಯದಲ್ಲಿ ವಕೀಲರು ವಾದಿಸಿದರು. ಸವಣೂರಿನ ಹುಡುಗ ಒಂದೇ ವಾಕ್ಯದಲ್ಲಿ ಕೇಳಿದ.

ಮೂರನೆಯ 질문ಕ್ಕೆ ಮುಂಚೆ ‘ಕ್ರಾಸಿಂಗ್’ ಎಂದರೇನು ಎಂದು ಹೇಳಬೇಕು.